ಅವಸರದಲ್ಲಿ ಹರಿದ ಕೋಟು

ಪೋಲೆಂಡಿನ ಒಂದು ಸಣ್ಣ ಊರಲ್ಲಿ ರೆಬ್ಬೆ ಅನ್ಶೆಲ್ ಹಾಸಿಗೆ ಹಿಡಿದು ಮೂರು ವಾರವಾಗಿತ್ತು. ಹಸಿದಿ ಎಂಬ ಭಕ್ತಿಪಂಥದ ಯೆಹೂದಿಗಳು ತಮ್ಮ ಗುರುವನ್ನು ರೆಬ್ಬೆ ಎನ್ನುತ್ತಾರೆ. ಈ ರೆಬ್ಬೆ ದರ್ಜಿಯ ಮಗ. ನಲವತ್ತು ವರ್ಷ ಪಾಠ ಹೇಳಿದರೂ ಒಂದೂ ಪುಸ್ತಕ ಬರೆದವರಲ್ಲ. ಯಾರಾದರೂ ಕೇಳಿದರೆ, ಬರೆದಿದ್ದೀನಲ್ಲ ಎಂದು ಶಿಷ್ಯರ ಕಡೆ ಕೈ ತೋರಿಸಿಬಿಡುತ್ತಿದ್ದರು.

ಆ ಶಿಷ್ಯರಲ್ಲಿ ಫಿಶೆಲ್ ಒಬ್ಬ. ತಂದೆ ತಾಯಿ ಇಲ್ಲದವನು, ಗುರುವಿನ ಮನೆಯಲ್ಲೇ ಉಂಡು ಬೆಳೆದವನು. ಈಗ ದೂರದ ಊರಲ್ಲಿ ತಾನೇ ಪಾಠ ಹೇಳುತ್ತಿದ್ದ. ಸುದ್ದಿ ತಲುಪಿದ್ದೇ ತಡ, ಎರಡು ದಿನ ನಡೆದು ಬಂದ. ಕೊನೆಯದಾಗಿ ಗುರುವಿನಿಂದ ಒಂದು ಮಾತು ಕೇಳಬೇಕು, ಉಳಿದ ಬದುಕಿಗೆ ಅದೊಂದು ಸಾಕು ಎಂಬುದೇ ಅವನ ಆಸೆ.

ಬಾಗಿಲಿಗೆ ಬರುವಷ್ಟರಲ್ಲಿ ಒಳಗಿಂದ ಹೆಂಗಸರ ಅಳು ಕೇಳಿಸಿತು.

ಗುರು ಸತ್ತರೆ ಶಿಷ್ಯ, ತಂದೆ ಸತ್ತಾಗಿನ ಹಾಗೆಯೇ, ಎದೆಯ ಮೇಲಿನ ಬಟ್ಟೆ ಹರಿದುಕೊಳ್ಳಬೇಕು. ಅದು ಅವರಲ್ಲಿ ಪದ್ಧತಿ. ಫಿಶೆಲ್ ಹೊಸ್ತಿಲಲ್ಲೇ ನಿಂತು ಕೋಟನ್ನು ಪರ್ರನೆ ಹರಿದ. ದುಃಖಕ್ಕೆ ವಿಚಾರಿಸುವಷ್ಟು ತಾಳ್ಮೆ ಎಲ್ಲಿರುತ್ತದೆ?

ಒಳಗೆ ಹೋದರೆ ಗುರು ದಿಂಬಿಗೊರಗಿ ಬಿಸಿನೀರು ಕುಡಿಯುತ್ತಿದ್ದರು. ಇನ್ನು ಒಂದೆರಡು ದಿನವಷ್ಟೇ ಎಂದು ವೈದ್ಯರು ಆಗತಾನೆ ಹೇಳಿ ಹೋಗಿದ್ದರು. ಮನೆಯವರು ಅತ್ತದ್ದು ಅದಕ್ಕೆ.

ಫಿಶೆಲ್ ಅಂಗೈಯಿಂದ ಎದೆ ಮುಚ್ಚಿಕೊಂಡ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಕೈ ತೆಗಿ," ಎಂದರು ರೆಬ್ಬೆ.

ತೆಗೆದ. ಬದುಕಿರುವಾಗಲೇ ನಿಮ್ಮನ್ನು ಕಳಿಸಿಬಿಟ್ಟೆ ಎಂದು ಅತ್ತ.

ರೆಬ್ಬೆ ಆ ಹರುಕನ್ನು ನೋಡಿದರು. ಬೈಯಲಿಲ್ಲ. ಮಗಳಿಂದ ಸೂಜಿ ದಾರ ತರಿಸಿಕೊಂಡು, ಕೋಟು ಬಿಚ್ಚಿಸಿ ತೊಡೆಯ ಮೇಲೆ ಹಾಕಿಕೊಂಡರು. ಎರಡು ಹೊಲಿಗೆ ಹಾಕುವುದು, ಉಸಿರಿಗಾಗಿ ನಿಲ್ಲುವುದು. ನಾನು ಹೊಲಿದುಕೊಡುತ್ತೇನೆ ಎಂದು ಮಗಳು ಎಷ್ಟು ಕೇಳಿಕೊಂಡರೂ ಕೊಡಲಿಲ್ಲ. ಹೀಗೇ ಮಧ್ಯಾಹ್ನ ಕಳೆಯಿತು.

ಫಿಶೆಲ್‌ಗೆ ತಡೆಯಲಾಗಲಿಲ್ಲ.

"ನಾಳೆಯೋ ನಾಡಿದ್ದೋ ನಾನು ಇದನ್ನ ಮತ್ತೆ ಹರೀಲೇಬೇಕಲ್ಲ, ಗುರುಗಳೇ. ಇರೋ ಇಷ್ಟು ಹೊತ್ತನ್ನ ಕೋಟಿನ ಮೇಲೆ ಯಾಕೆ ಕಳೀತೀರಿ? ನನಗೆ ಒಂದು ಮಾತು ಹೇಳಿ."

ರೆಬ್ಬೆ ದಾರವನ್ನು ಹಲ್ಲಿನಿಂದ ಕಡಿದರು. ಅವನನ್ನು ಹತ್ತಿರ ಕರೆದು ಕೋಟನ್ನು ತಾವೇ ಹೆಗಲಿಗೆ ಹೊದಿಸಿದರು.

"ಗಟ್ಟಿಯಾಗಿ ಹೊಲಿದಿದ್ದೀನಿ, ಫಿಶೆಲ್. ಈ ಸಲ ಅಷ್ಟು ಸುಲಭಕ್ಕೆ ಹರಿಯೋದಿಲ್ಲ."