ಕಾಳವ್ವನ ಜೋಡುಪಟ್ಟಿ

ನದಿಯ ದಂಡೆಯಲ್ಲಿ ಮೌನಾಚಾರಿಯ ಕುಲುಮೆ. ಅವನು ಮಾಡಿದ ಚೂರಿಯಲ್ಲಿ ಹೆಚ್ಚಿದ ಈರುಳ್ಳಿಗೆ, ತಾನು ಎರಡು ಹೋಳಾದ ಸುದ್ದಿ ಮರುದಿನ ಬೆಳಿಗ್ಗೆ ಮುಟ್ಟುತ್ತಿತ್ತು. ಸುಳ್ಳು ಅನ್ನುವವರು ಈರುಳ್ಳಿಯನ್ನೇ ಕೇಳಿ ನೋಡಲಿ.

ಅಂಥ ಗುರುವಿನ ಬಳಿ ಕಾಳವ್ವ ಮೂರು ವರ್ಷದಿಂದ ಕಲಿಯುತ್ತಿದ್ದಳು. ಅವಳ ಚೂರಿಗಳ ಹಿಡಿ ಮಾತ್ರ ತಿಂಗಳೊಳಗೆ ಅಲುಗಾಡುತ್ತಿತ್ತು. ಹಿಡಿ ಕೂರುವ ಕಡೆ ಅಲಗಿನ ಹೆಗಲು ಒಂದು ಬದಿ ಎತ್ತರ, ಒಂದು ಬದಿ ತಗ್ಗು.

"ಮತ್ತೆ ವಾಲಿದೆ," ಎಂದ ಗುರು. "ಇದು ಹನ್ನೊಂದನೆಯದು. ಎಡಚಿ, ನೀನು ಒಂದು ಸಲವೂ ತಪ್ಪದೆ ತಪ್ಪುವುದನ್ನು ನೋಡಿದರೆ ನನಗೇ ಹೊಟ್ಟೆಕಿಚ್ಚು."

"ನನ್ನ ಕೈ ಸರಿಯಿದೆ, ಗುರುವೇ."

"ಹಾಗಾದರೆ ಪಟ್ಟಿ ತಾ."

ಕಾಳವ್ವ ತಡೆದು ತಡೆದು ಸೊಂಟದ ಚೀಲಕ್ಕೆ ಕೈಹಾಕಿದಳು. ಹೊರಬಂದದ್ದು ತೀರಿಹೋದ ಅಪ್ಪನ ಜೋಡುಪಟ್ಟಿ. ಎರಡು ಕಬ್ಬಿಣದ ಪಟ್ಟಿ, ಬಿಗಿಯಲು ಎರಡು ತಿರುಪು. ನಡುವೆ ಅಲಗು ಸಿಕ್ಕಿಸಿ, ಕಬ್ಬಿಣ ಉಜ್ಜುವ ಅರ ಹಾಕಿದರೆ, ಮೇಲೆ ಚಾಚಿದ್ದನ್ನು ಅರ ತಿನ್ನುತ್ತದೆ. ಪಟ್ಟಿಯ ಮಟ್ಟಕ್ಕೆ ಬಂದಾಗ ನಿಲ್ಲಬೇಕು. ಆಗ ಹೆಗಲು ನೇರ.

ಈ ಪಟ್ಟಿಯ ಒಂದು ಮೂಲೆಯಲ್ಲಿ ಕೊರಕಲು ಬಿದ್ದಿತ್ತು. ದಿನಾ ಬೆಂಕಿ ಹೊತ್ತಿಸುವ ಮುಂಚೆ ಕಾಳವ್ವ ಅದರೊಳಗೆ ಹೆಬ್ಬೆರಳಿಡುತ್ತಿದ್ದಳು. ಅಪ್ಪನ ಕೈ ಹಿಡಿದಂತಾಗುತ್ತಿತ್ತು.

ಗುರು ಬೇರೆ ಮೂರು ಜೋಡುಪಟ್ಟಿ ತಂದು ಮುಂದಿಟ್ಟ. "ಒಂದು ಆರಿಸಿಕೋ."

ಅವಳು ಫಳಫಳ ಹೊಳೆಯುವುದನ್ನು ಎತ್ತಿಕೊಂಡಳು.

"ಗಂಡು ನೋಡಲು ಬಂದೆಯೇನೇ, ಮೈಬಣ್ಣ ನೋಡುತ್ತೀ? ಅರ ಹಾಕು."

ಹಾಕಿದಳು. ಹೊಳೆಯುವ ಪಟ್ಟಿ ಪುಡಿ ಉದುರಿಸಿತು. ಎರಡನೆಯದೂ ಅಷ್ಟೆ. ಮೂರನೆಯದು ಕಪ್ಪು, ಕುರೂಪಿ. ಅದರ ಮೇಲೆ ಅರ ಕೀರಲಿಟ್ಟು ಜಾರಿತು. ಒಂದು ಗೀರೂ ಬೀಳಲಿಲ್ಲ.

"ಇದು," ಎಂದಳು. "ಅರಕ್ಕೆ ಇದು ಸೋಲುವುದಿಲ್ಲ."

"ಸರಿ. ಈಗ ನಿನ್ನಪ್ಪನದಕ್ಕೆ ಹಾಕು."

ಕಾಳವ್ವನ ಕೈ ಏಳಲಿಲ್ಲ. "ಬೇಡ. ಅದು ಮೆದು ಅಂತ ಗೊತ್ತು. ಅರ ತಿಂದ ಕೊರಕಲು ಕಾಣುತ್ತದಲ್ಲ."

"ಕಂಡೂ ಹನ್ನೊಂದು ಅಲಗು ಕೆಡಿಸಿದೆಯಾ, ತಾಯಿ?"

"ಆ ಕೊರಕಲು ಅಪ್ಪನ ಕೈ, ಗುರುವೇ. ಅದನ್ನೂ ಬಿಟ್ಟರೆ ನನ್ನ ಹತ್ತಿರ ಅಪ್ಪ ಎಲ್ಲಿದ್ದಾನೆ?"

ಮೌನಾಚಾರಿಯ ಬಾಯಿ ಎಂದರೆ ಕುಲುಮೆಯ ತಿದಿಗೆ ರಜೆ ಕೊಡುವಂಥ ಬಾಯಿ. ಈ ಸಲ ಬಾಯಿಗಿಂತ ಕೈ ಮುಂದಾಯಿತು.

ಅವನು ಅವಳಪ್ಪನ ಪಟ್ಟಿಯನ್ನು ಇಕ್ಕಳಕ್ಕೆ ಬಿಗಿದ.

"ನಿನ್ನಪ್ಪ ಅರ ಹಿಡಿಯುತ್ತಿದ್ದದ್ದು ಯಾವ ಕೈಯಲ್ಲಿ?"

"ಬಲಗೈಯಲ್ಲಿ."

ಗುರು ಬಲಗೈಯಲ್ಲಿ ಅರ ಹಿಡಿದು ಕೊರಕಲಿಗೆ ಇಟ್ಟ. ಕೂರಲಿಲ್ಲ. ಓರೆಯಾಗಿ ಕಟಕಟ ಎಂದಿತು.

"ನೀನು ಹಿಡಿ."

ಕಾಳವ್ವ ಎಡಗೈಯಲ್ಲಿ ಹಿಡಿದಳು. ಹಳೆಯ ಚಪ್ಪಲಿಗೆ ಕಾಲು ಇಳಿದಂತೆ ಅರ ಕೊರಕಲಿಗೆ ಇಳಿಯಿತು.



"ಏಳು ವರ್ಷದವಳಿದ್ದೆ," ಎಂದಳು. "ಅಪ್ಪ ಪಕ್ಕದಲ್ಲಿ ಮಣೆ ಹಾಕಿ ನಿಲ್ಲಿಸಿಕೊಂಡು ಅರ ಕೊಡುತ್ತಿದ್ದ. ಒಂದು ದಿನವೂ ಬೈಯಲಿಲ್ಲ."

"ಬೈದಿದ್ದರೆ ಇಷ್ಟು ಆಳ ಆಗುತ್ತಿತ್ತೇ?"

ನದಿಯ ಗಾಳಿಗೆ ಕೆಂಡ ಒಮ್ಮೆ ಕೆಂಪೇರಿ ಬೂದಿಯಾಯಿತು.

"ಹಾಗಾದರೆ ಇದೆಲ್ಲ ನಾನೇ. ಅಪ್ಪನ ಗುರುತು ಇದರಲ್ಲಿ ಏನೂ ಇಲ್ಲವೇ?"

ಗುರು ಕಪ್ಪು ಜೋಡುಪಟ್ಟಿಯನ್ನು ಅವಳ ಮಡಿಲಿಗೆ ಹಾಕಿದ. ಆಮೇಲೆ ಅಪ್ಪನ ಪಟ್ಟಿಯ ಇನ್ನೊಂದು ಮೂಲೆಯನ್ನು ಬೆರಳಿಟ್ಟು ತೋರಿಸಿದ. ಅಪ್ಪನ ಬಲಗೈಯ ಕೆಳಗೆ ಮೂವತ್ತು ವರ್ಷ ದುಡಿದ ಮೆದು ಕಬ್ಬಿಣ. ಒಂದು ಗೀರೂ ಇರಲಿಲ್ಲ.

"ಇಗೋ, ಇಲ್ಲಿ," ಎಂದ. "ಅವನ ಅರ ಬಂದು ನಿಂತಲ್ಲಿ."