ತೃಣಪೀಠದಲ್ಲಿ ಖಡ್ಗಮೃಗಕ್ಕೆ ಅಗ್ರಪೂಜೆ ಸಂದ ವೃತ್ತಾಂತ

ಲೌಹಿತ್ಯ ನದಿಯು ಇನ್ನೂ ತನ್ನ ಪಾತ್ರವನ್ನು ನಿಶ್ಚಯಿಸಿಕೊಳ್ಳದೆ ಹುಲ್ಲುಗಾವಲುಗಳ ನಡುವೆ ಸ್ವೇಚ್ಛೆಯಾಗಿ ಹರಿಯುತ್ತಿದ್ದ ಪುರಾತನ ಯುಗದಲ್ಲಿ, ದಿನಕ್ಕೆ ಏಳು ಬಾರಿ ಸ್ನಾನ ಮಾಡುತ್ತಿದ್ದ ಧೃತಶೌಚನೆಂಬ ಮುನಿಯು ತಪೋಯೋಗ್ಯವಾದ ಸ್ಥಳವನ್ನು ಅರಸುತ್ತ ಬಂದು, ಎತ್ತರವಾದ, ಮೆತ್ತಗಿನ ದಿಬ್ಬವೊಂದರ ಮಗ್ಗುಲಲ್ಲಿ ಪರ್ಣಕುಟಿಯನ್ನು ಕಟ್ಟಿಕೊಂಡನು. ಆ ದಿಬ್ಬವು ಮಣ್ಣಿನದಲ್ಲವೆಂಬುದು ಅವನಿಗೆ ಮರುದಿನ ಪ್ರಾತಃಕಾಲ ತಿಳಿಯಿತು. ಒಂಟಿಕೊಂಬಿನ ಖಡ್ಗಮೃಗವೊಂದು ಗಂಭೀರವಾಗಿ ಬಂದು, ದಿಬ್ಬಕ್ಕೆ ಬೆನ್ನು ಮಾಡಿ ನಿಂತು, ತನ್ನ ಪೂರ್ವಜರು ವಿಸರ್ಜಿಸಿದ್ದಲ್ಲಿಯೇ ತಾನೂ ವಿಸರ್ಜಿಸಿ, ಅಷ್ಟೇ ಗಂಭೀರವಾಗಿ ಹೊರಟುಹೋಯಿತು.

ಮಂತ್ರ, ಧೂಪ, ಶಾಪ ಯಾವುದಕ್ಕೂ ಅದು ಜಗ್ಗದಿರಲು ಮುನಿಯು ಆ ದೇಶದ ರಾಜನಿಗೆ ದೂರಿತ್ತನು. ಯೌವನ ಮರಳಲೆಂದು ಖಡ್ಗಮೃಗದ ಕೊಂಬನ್ನು ತೇಯ್ದು ಕುಡಿಯುವ ಆಸೆಯಲ್ಲಿದ್ದ ಆ ವೃದ್ಧ ರಾಜನು ಪರಮಾನಂದಭರಿತನಾಗಿ ಕಾಂಡೀರನೆಂಬ ಬೇಟೆಗಾರನನ್ನು ಕಳುಹಿಸಿದನು.

"ಇದನ್ನು ಹುಡುಕಿ ಅಲೆಯಬೇಕಿಲ್ಲ ಸ್ವಾಮಿ, ತಾನಾಗಿಯೇ ಇಲ್ಲಿಗೆ ಬರುತ್ತದೆ" ಎಂದು ಕಾಂಡೀರನು ವಿಷದ ಬಾಣವನ್ನು ಹೂಡಿ ಕುಳಿತನು. ಮೃಗವು ಬಂದಿತು. ಅದರ ಹಿಂದೆ, ಹದಿನಾರು ತಿಂಗಳು ಗರ್ಭದಲ್ಲಿದ್ದು ಮೊನ್ನೆ ತಾನೆ ಹುಟ್ಟಿದ, ಕೊಂಬಿನ್ನೂ ಮೂಡದ ಮರಿಯೊಂದು ತೊಡರುತ್ತ ಬಂದಿತು.

ತಾನು ಮಾಡಿದ್ದೇನೆಂದು ಅರಿವಾದೊಡನೆ ಮುನಿಯು ಮಡಿಯನ್ನೆಲ್ಲ ಮರೆತು ಓಡಿ, ದಿಬ್ಬವನ್ನೇರಿ, ಮೊಣಕಾಲವರೆಗೆ ಹೂತು, ಬಾಣಕ್ಕೆ ಅಡ್ಡವಾಗಿ ನಿಂತನು.

"ಸ್ವಾಮಿ, ಪಕ್ಕಕ್ಕೆ ಬನ್ನಿ!" ಎಂದು ಕಾಂಡೀರನು ಕೂಗಿದನು.

"ಬರಲಾರೆನಪ್ಪ, ಕಾಲು ಸಿಕ್ಕಿಕೊಂಡಿದೆ. ಬರುವ ಮನಸ್ಸೂ ಇಲ್ಲ."

ದೃಷ್ಟಿಮಾಂದ್ಯವುಳ್ಳ ಆ ಮೃಗವು ಮುನಿಯನ್ನು ಮೂಸಿ, ಸ್ಥಳದ ಪರಿಮಳವೇ ಅವನಿಂದಲೂ ಬರುತ್ತಿದ್ದುದರಿಂದ ಯಾವ ಸಂಶಯವನ್ನೂ ಪಡದೆ, ಬೆನ್ನು ತಿರುಗಿಸಿ ನಿಂತು ನಿತ್ಯವಿಧಿಯನ್ನು ನೆರವೇರಿಸಿತು. ಮುನಿಯು ಕಣ್ಣು ಮುಚ್ಚಿ, ಬಾಯಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿ, ಅಲುಗದೆ ನಿಂತನು.

ಆಗ ಹುಲ್ಲೆಲ್ಲ ಒಮ್ಮೆಲೇ ಬಾಗಿ, ತೃಣೇಶ್ವರೀ ದೇವಿಯ ವಾಣಿಯು ಕೇಳಿಸಿತು: "ಕಾಂಡೀರ, ನಿನ್ನ ಉಗುರು ಯಾವುದರಿಂದ ಆಗಿದೆಯೋ ಆ ಕೊಂಬೂ ಅದರಿಂದಲೇ ಆಗಿದೆ. ರಾಜನು ತನ್ನ ಉಗುರನ್ನೇ ತೇಯ್ದು ಕುಡಿಯಲಿ. ಧೃತಶೌಚ, ಏಳು ಸ್ನಾನಗಳಿಂದ ಹೋಗದ ನಿನ್ನ ಅಹಂಕಾರವು ಈ ಒಂದು ಸ್ನಾನದಿಂದ ಹೋಯಿತು. ನಾನು ಇಲ್ಲಿಯೇ ನೆಲೆಸುವೆನು; ಇಲ್ಲಿ ಅಗ್ರಪೂಜೆ ಈ ಮೃಗಕ್ಕೇ ಸಲ್ಲಲಿ."

ಕಾಂಡೀರನು ಬಿಲ್ಲನ್ನು ಮುರಿದೆಸೆದು, ಒಂದು ಕೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದರಿಂದ ಮುನಿಯನ್ನು ಎಳೆದು ತೆಗೆದನು. ರಾಜನು ಉಗುರನ್ನು ತೇಯ್ದು ಕುಡಿದನೆಂದೂ, ಮೊದಲಿದ್ದಷ್ಟೇ ಮುದುಕನಾಗಿ ಉಳಿದನೆಂದೂ ಹಿರಿಯರು ಹೇಳುವರು.

ಲದ್ದಿಯಲ್ಲಿದ್ದ ಬೀಜಗಳು ಮೊಳೆತು ಬೆಳೆದ ತೋಪು ಇಂದಿಗೂ ತೃಣಪೀಠದ ದೇವಿಯ ಗುಡಿಗೆ ನೆರಳಾಗಿದೆ. ದಿಬ್ಬವೂ ವರ್ಷವರ್ಷಕ್ಕೆ ಬೆಳೆಯುತ್ತಲೇ ಇದೆ. ಇಲ್ಲಿ ಪ್ರಾತಃಪೂಜೆಗೆ ನಿಗದಿತ ಮುಹೂರ್ತವಿಲ್ಲವೆಂಬುದನ್ನು ಭಕ್ತಾದಿಗಳು ಗಮನಿಸಬೇಕು. ಖಡ್ಗಮೃಗಗಳು ಬಂದು ಹೋಗುವವರೆಗೆ ಅರ್ಚಕರೂ ಬೇಲಿಯ ಆಚೆಯೇ ಕಾಯುತ್ತಾರೆ. ತಡವಾಯಿತೆಂದು ದಯವಿಟ್ಟು ಯಾರೂ ಗಂಟೆ ಬಾರಿಸಬಾರದು.