ಹೊರಗಿನ ಚಿಲಕ

“ಗುರುಗಳೇ, ದುಃಖದಲ್ಲಿರುವವರ ನೋವು ಕಡಿಮೆಯಾಗಲೆಂದು ಒಂದು ಸುಳ್ಳು ಹೇಳಿದರೆ ಅದು ತಪ್ಪೇ?”

ಕೇಳಿದವನು ಶಿಷ್ಯ ಮರಿದೇವ. ಸಾವಾದ ಮನೆಗಳಿಗೆ ಮಠದ ಪರವಾಗಿ ಹೋಗಿ ಸಮಾಧಾನ ಹೇಳಿ ಬರುವುದು ಅವನ ಕೆಲಸ. ಆ ಬೆಳಿಗ್ಗೆಯೂ ಅಂಥದೊಂದು ಮನೆಗೆ ಹೊರಟು ನಿಂತಿದ್ದ. ಗುರುಗಳು ಅವನಿಗೆ ಕೂರಲು ಹೇಳಿದರು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಹಿಮದ ಗುಡ್ಡಗಳ ನಡುವೆ ಒಂದು ಸರೋವರವಿತ್ತು. ಈ ದಡದಲ್ಲಿ ಊರುಗಳು, ಆ ದಡದಲ್ಲಿ ಸಂತೆ ಮತ್ತು ಆಸ್ಪತ್ರೆ. ಗುಡ್ಡ ಬಳಸಿ ಹೋದರೆ ಇಡೀ ದಿನ ಬೇಕು. ಆದ್ದರಿಂದ ಜನ ಲಾಂಚಿನಲ್ಲಿ ದಾಟುತ್ತಿದ್ದರು. ಲಾಂಚಿಗೆ ಮೇಲೆ ತೆರೆದ ಅಟ್ಟ, ಕೆಳಗೊಂದು ಕೋಣೆ. ಚಳಿಗಾಲದಲ್ಲಿ ಹೆಂಗಸರು, ಮಕ್ಕಳು, ಮುದುಕರು ಕೆಳಗಿನ ಕೋಣೆಯಲ್ಲಿ ಕೂರುತ್ತಿದ್ದರು. ಗಾಳಿಗೆ ಆ ಕೋಣೆಯ ಬಾಗಿಲು ಬಡಿದುಕೊಳ್ಳುತ್ತಿತ್ತು. ನಡುನೀರಿನಲ್ಲಿ ಜನ ಮೇಲೆ ಕೆಳಗೆ ಓಡಾಡಿದರೆ ಲಾಂಚು ವಾಲುತ್ತಿತ್ತು. ಅದಕ್ಕಾಗಿ ಅಂಬಿಗ ದಡ ಬಿಟ್ಟ ಕೂಡಲೇ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಆಚೆ ದಡ ಮುಟ್ಟಿದ ಮೇಲೆ ತೆಗೆಯುತ್ತಿದ್ದ. ಅವನ ತಂದೆಯೂ ಹಾಗೇ ಮಾಡುತ್ತಿದ್ದ. ಅದರಲ್ಲಿ ಯಾರಿಗೂ ಕೆಡುಕು ಕಂಡಿರಲಿಲ್ಲ.

ಒಂದು ಚಳಿಗಾಲದಲ್ಲಿ ಬಿರುಗಾಳಿ ಎದ್ದು ಲಾಂಚು ಮಗುಚಿತು. ಮೇಲಿದ್ದವರು ನೀರಿಗೆ ಬಿದ್ದರು. ಮೀನು ಹಿಡಿಯುವವರ ದೋಣಿಗಳು ಅವರಲ್ಲಿ ಕೆಲವರನ್ನು ಎತ್ತಿಕೊಂಡವು. ಅಂಬಿಗನೂ ಬದುಕಿದ. ಕೆಳಗಿನ ಕೋಣೆಯಿಂದ ಒಬ್ಬರೂ ಬರಲಿಲ್ಲ. ಲಾಂಚು ತಳಕ್ಕೆ ಹೋಗಿ ಕೂತಿತು.

ಅಷ್ಟು ಆಳಕ್ಕೆ ಇಳಿಯಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಕಡಲ ತೀರದಿಂದ ಒಬ್ಬ ಮುಳುಗುಗಾರನನ್ನು ಕರೆಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಕೆಲಸ ಮಾಡುವುದು ಅವನ ಕಸುಬು. ಮುಳುಗಿದ ಹಡಗುಗಳ ಒಳಹೊಕ್ಕು ಬಂದವನು. ಹೆಣಗಳನ್ನು ತಂದು ಮನೆಯವರಿಗೆ ಒಪ್ಪಿಸಿದವನು. ಗಟ್ಟಿಗ ಎಂದು ಹೆಸರಿತ್ತು. ಒಳ್ಳೆಯವನೂ ಹೌದು.

ಅವನು ರಬ್ಬರಿನ ಉಡುಪು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹಗ್ಗದ ಇನ್ನೊಂದು ತುದಿ ಮೇಲೆ ದೋಣಿಯಲ್ಲಿ ಕೂತ ಜೊತೆಗಾರನ ಕೈಯಲ್ಲಿತ್ತು. ನೀರು ಮುಖಕ್ಕೆ ತಾಗಿದಾಗ ಹಣೆ ಸೀಳಿದಂತಾಯಿತು. ಇಳಿದಷ್ಟೂ ಬೆಳಕು ಹಸಿರಾಯಿತು, ಆಮೇಲೆ ಇಲ್ಲವಾಯಿತು. ಬೆರಳುಗಳು ತನ್ನವಲ್ಲ ಅನ್ನಿಸಿತು. ಬಾಯಲ್ಲಿ ಕಚ್ಚಿಕೊಂಡ ಉಸಿರಿನ ಕೊಳವೆಗೆ ಮಂಜು ಕಟ್ಟಿದರೆ ಅಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ನಿಧಾನವಾಗಿ ಉಸಿರಾಡುತ್ತ ಕೆಳಗೆ ಹೋದ.

ಟಾರ್ಚಿನ ಬೆಳಕಿಗೆ ಲಾಂಚು ಸಿಕ್ಕಿತು. ಕಡಲಿನಲ್ಲಾದರೆ ಉಪ್ಪು ಎಲ್ಲವನ್ನೂ ತಿನ್ನುತ್ತದೆ. ಉಳಿದದ್ದನ್ನು ಮೀನುಗಳು ಮುಗಿಸುತ್ತವೆ. ತಣ್ಣನೆಯ ಸಿಹಿನೀರು ಹಾಗಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ. ಬಣ್ಣ ಮಾಸಿರಲಿಲ್ಲ. ಹಲಗೆಯ ಮೇಲಿನ ಅಕ್ಷರ ಓದಬಹುದಿತ್ತು. ಕೆಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗಿನಿಂದ ಚಿಲಕ ಹಾಕಿತ್ತು.

ಅವನು ಚಿಲಕ ಎಳೆದ. ಬೆರಳು ಮರಗಟ್ಟಿದ್ದರಿಂದ ಅದಕ್ಕೇ ಬಹಳ ಹೊತ್ತು ಹಿಡಿಯಿತು. ಬಾಗಿಲು ತಾನಾಗಿಯೇ ಅವನ ಕಡೆಗೆ ತೆರೆದುಕೊಂಡಿತು. ಒಳಗಿನವರೆಲ್ಲ ಬಾಗಿಲ ಬಳಿಯೇ ಇದ್ದರು.

ಬೆಂಚುಗಳು ಖಾಲಿಯಾಗಿದ್ದವು. ಎಲ್ಲರಿಗಿಂತ ಮುಂದೆ ಮದುವೆಯ ವಯಸ್ಸಿನ ಒಬ್ಬ ಹುಡುಗಿ ಇದ್ದಳು. ಬಾಗಿಲಿನ ಒಳಮೈಯಲ್ಲಿ ಗೀರುಗಳಿದ್ದವು. ಅವಳ ಉಗುರುಗಳು ಮುರಿದಿದ್ದವು. ಕೋಣೆಯ ಮೂಲೆಯಲ್ಲಿ, ಚಾವಣಿಗೆ ತಗುಲಿ, ಇನ್ನೂ ಒಂದಿಷ್ಟು ಗಾಳಿ ಸಿಕ್ಕಿಕೊಂಡಿತ್ತು. ಅವರು ಕೂಡಲೇ ಸತ್ತಿರಲಿಲ್ಲ ಎಂದು ಮುಳುಗುಗಾರನಿಗೆ ತಿಳಿಯಿತು. ಚಿಲಕ ಇಲ್ಲದಿದ್ದರೆ ಕೆಲವರಾದರೂ ಬದುಕುತ್ತಿದ್ದರು ಎಂದೂ ತಿಳಿಯಿತು.

ಒಬ್ಬೊಬ್ಬರನ್ನೇ ಮೇಲೆ ತಂದ. ಹುಡುಗಿಯನ್ನು ದೋಣಿಗೆ ಎತ್ತಿಕೊಂಡ ಮೇಲೆ ಅವಳ ಎರಡೂ ಕೈಗಳಿಗೆ ಬಟ್ಟೆ ಸುತ್ತಿದ. ಜೊತೆಗಾರ ಯಾಕೆಂದು ಕೇಳಿದ. ಅವನು ಗಂಟು ಬಿಗಿದು ಮತ್ತೆ ನೀರಿಗೆ ಇಳಿದ.

ದಡದಲ್ಲಿ ಹುಡುಗಿಯ ತಾಯಿ ಕಾಯುತ್ತಿದ್ದಳು. ಅಳು ಮುಗಿದುಹೋಗಿತ್ತು. ಮಗಳ ಮುಖವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮುಳುಗುಗಾರನ ಕಡೆಗೆ ತಿರುಗಿದಳು.

“ಅಪ್ಪಾ, ಒಳಗೆ ಹೋಗಿ ಕಂಡವನು ನೀನೊಬ್ಬನೇ. ಕೇಳುತ್ತೇನೆ, ಹೇಳಿಬಿಡು. ನನ್ನ ಕೂಸು ಒದ್ದಾಡಿತೇ?”

ಮುಳುಗುಗಾರ ಅವಳ ಮುಖ ನೋಡಿದ. ಆಮೇಲೆ ಕಣ್ಣು ತಗ್ಗಿಸಿ ಸೊಂಟದ ಹಗ್ಗ ಬಿಚ್ಚತೊಡಗಿದ.

“ಇಲ್ಲ ಅಮ್ಮಾ. ಎಲ್ಲರೂ ಬೆಂಚಿನ ಮೇಲೆ ಒರಗಿಕೊಂಡೇ ಇದ್ದರು. ನಿದ್ದೆಯಲ್ಲಿ ಹೋದ ಹಾಗಿತ್ತು.”

ತಾಯಿ ಅವನ ತಲೆಯ ಮೇಲೆ ಕೈ ಇಟ್ಟಳು. ಉಳಿದವರ ಮನೆಯವರೂ ಆ ಮಾತು ಕೇಳಿಸಿಕೊಂಡರು. ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡು ಅತ್ತರು.

ಅಷ್ಟರಲ್ಲಿ ವಿಚಾರಣೆಯ ಅಧಿಕಾರಿ ಬಂದ. ಒಳಗೆ ಕಂಡದ್ದನ್ನೆಲ್ಲ ಕೇಳಿದ. ಕೊನೆಗೆ, “ಕೋಣೆಯ ಬಾಗಿಲು ಹೇಗಿತ್ತು?” ಎಂದ.

ತಾಯಿ ಇನ್ನೂ ಅಲ್ಲೇ ಇದ್ದಳು. ಹೊರಗಿನಿಂದ ಚಿಲಕ ಹಾಕಿತ್ತು ಎಂದರೆ ನಿದ್ದೆಯ ಮಾತು ನಿಲ್ಲುತ್ತಿರಲಿಲ್ಲ.

“ತೆರೆದಿತ್ತು” ಎಂದ ಮುಳುಗುಗಾರ.

ಜನರ ಹಿಂದೆ ನಿಂತಿದ್ದ ಅಂಬಿಗ ಆ ಮಾತು ಕೇಳಿ ನೆಲಕ್ಕೆ ಕುಸಿದು ಅತ್ತ. ಮುಳುಗುಗಾರ ಅದನ್ನು ನೋಡಿದ. ಪಾಪ, ಅವನಿಗೂ ಸಂಕಟ, ಎಂದುಕೊಂಡ. ತನ್ನ ಸಾಮಾನು ಕಟ್ಟಿಕೊಂಡು ಕಡಲ ತೀರಕ್ಕೆ ಹಿಂದಿರುಗಿದ. ಒಂದು ತಾಯಿಗೆ ನೆಮ್ಮದಿ ಕೊಟ್ಟು ಬಂದೆ ಎಂಬ ಸಮಾಧಾನ ಅವನಿಗಿತ್ತು. ಚಿಲಕದ ನೆನಪು ಬಂದಾಗ, ಹೋದವರು ಹೋದರು, ಈಗ ಹೇಳಿ ಏನು, ಎಂದು ಬದಿಗೆ ತಳ್ಳುತ್ತಿದ್ದ.

ಸರೋವರದಲ್ಲಿ ಮತ್ತೊಂದು ಲಾಂಚು ಓಡತೊಡಗಿತು. ಅಂಬಿಗ ಅವನೇ. ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಚಳಿಗಾಲ ಬಂತು. ಆ ಲಾಂಚೂ ನಡುನೀರಿನಲ್ಲಿ ಮಗುಚಿತು.

ಮುಳುಗುಗಾರನಿಗೆ ಮತ್ತೆ ಕರೆ ಬಂತು. ನೀರಿಗೆ ಇಳಿಯುವಾಗ, ಈ ಸಲ ಬಾಗಿಲು ತೆರೆದಿರಲಿ, ಎಂದು ದೇವರಲ್ಲಿ ಬೇಡಿಕೊಂಡ. ಟಾರ್ಚು ಹಿಡಿದು ಲಾಂಚನ್ನು ಸುತ್ತಿ ಬಾಗಿಲಿನ ಎದುರು ಬಂದ. ಹೊರಗಿನಿಂದ ಚಿಲಕ ಹಾಕಿತ್ತು.

ಅವನು ಅದನ್ನು ಎಳೆಯಲು ಹೋದ. ಕೈ ಏಳಲಿಲ್ಲ. ಬಾಗಿಲಿನ ಆಚೆ ಏನಿದೆ ಎಂದು ತೆರೆಯದೆಯೂ ಅವನಿಗೆ ಗೊತ್ತಿತ್ತು. ಮೇಲಿನಿಂದ ಜೊತೆಗಾರ ಹಗ್ಗ ಜಗ್ಗಿ ಕ್ಷೇಮ ಕೇಳಿದ. ಅವನು ತಿರುಗಿ ಜಗ್ಗಲಿಲ್ಲ. ಜೊತೆಗಾರ ಗಾಬರಿಯಾಗಿ ಮತ್ತೆ ಜಗ್ಗಿದ. ಆಗ ಅವನು ಎರಡೂ ಕೈ ಸೇರಿಸಿ ಚಿಲಕ ಎಳೆದ.

ಈ ಸಲ ಅವನು ಯಾರ ಕೈಗೂ ಬಟ್ಟೆ ಸುತ್ತಲಿಲ್ಲ.

ದಡಕ್ಕೆ ಬಂದವನು ನೇರವಾಗಿ ಅಂಬಿಗನ ಬಳಿಗೆ ಹೋದ. ಅಂಬಿಗ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದ. ಮುಳುಗುಗಾರ ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದ.

“ಒಮ್ಮೆ ಅಷ್ಟು ಜನ ಸತ್ತರು. ಮತ್ತೆ ಆ ಚಿಲಕ ಹಾಕಲು ನಿನಗೆ ಮನಸ್ಸು ಹೇಗೆ ಬಂತು?”

ಅಂಬಿಗ ಕಣ್ಣು ಬಿಟ್ಟು ಅವನನ್ನೇ ನೋಡಿದ.

“ಅಂದು ನಾನು ಸಾಯಲು ಹೊರಟಿದ್ದೆ. ನಾನು ಹಾಕಿದ ಚಿಲಕವೇ ಅವರನ್ನು ಕೊಂದಿತು ಅಂದುಕೊಂಡಿದ್ದೆ. ಬಾಗಿಲು ತೆರೆದಿತ್ತು ಎಂದವನು ನೀನು. ಮಗುಚುವಾಗ ಚಿಲಕ ತಾನೇ ಕಳಚಿಕೊಂಡಿರಬೇಕು, ಬಾಗಿಲು ತೆರೆದಿದ್ದರೂ ಜನ ಸತ್ತರು ಎಂದ ಮೇಲೆ ಚಿಲಕದ ತಪ್ಪೇನು ಎಂದುಕೊಂಡೆ. ನಿನ್ನ ಮಾತಿನಿಂದ ಬದುಕಿದೆ. ನಿನ್ನ ಮಾತು ನಂಬಿಯೇ ಮತ್ತೆ ಹಾಕಿದೆ.”

ಮುಳುಗುಗಾರನ ಕೈ ಸಡಿಲವಾಯಿತು.

ಹೆಣಗಳನ್ನು ದಡದಲ್ಲಿ ಸಾಲಾಗಿ ಮಲಗಿಸಿದ್ದರು. ಊರ ಹೆಂಗಸರು ಬಂದು ಮುಖ ಒರೆಸುತ್ತಿದ್ದರು. ಅವರಲ್ಲಿ ಆ ತಾಯಿಯೂ ಇದ್ದಳು. ಸತ್ತ ಮುದುಕಿಯೊಬ್ಬಳ ಕೈಯನ್ನು ಎದೆಯ ಮೇಲೆ ಇಡಲು ಹೋದ ತಾಯಿ ಹಾಗೇ ನಿಂತಳು. ಬೆರಳುಗಳನ್ನು ನೋಡಿದಳು. ಪಕ್ಕದ ಹೆಣದ ಬೆರಳುಗಳನ್ನೂ ನೋಡಿದಳು. ಎದ್ದು ಮುಳುಗುಗಾರನ ಎದುರು ಬಂದಳು.

“ಚಿಲಕ ಹಾಕಿತ್ತೇ?”

“ಹಾಕಿತ್ತು.”

“ಅಂದು?”

ಅವನ ಕಣ್ಣು ಮುದುಕಿಯ ಬೆರಳುಗಳ ಕಡೆಗೆ ಹೋಯಿತು.

“ನನ್ನ ಮಗಳ ಕೈಗೆ ನೀನು ಬಟ್ಟೆ ಸುತ್ತಿದ್ದೆ. ಬಿಚ್ಚಬಾರದೇನೋ ಎಂದು ನಾನು ಹಾಗೇ ಮಣ್ಣು ಮಾಡಿದೆ. ಅಂದು ಹೇಗಿತ್ತು, ಹೇಳು.”

“ಅಂದೂ ಹಾಕಿತ್ತು, ಅಮ್ಮಾ.”

ಅವಳು ಬಯ್ಯಲಿಲ್ಲ. ಹೊಡೆಯಲಿಲ್ಲ. ಸಾಲಿನ ಕಡೆಗೆ ಕೈ ತೋರಿಸಿದಳು.

“ಹೇಳಿದ್ದರೆ ನಾನು ಎದೆ ಬಡಿದುಕೊಳ್ಳುತ್ತಿದ್ದೆ. ಅನ್ನ ಬಿಡುತ್ತಿದ್ದೆ. ಹುಚ್ಚಿಯೂ ಆಗುತ್ತಿದ್ದೆನೋ ಏನೋ. ಆದರೆ ಹುಚ್ಚಿಯಾದರೂ ಆ ಚಿಲಕ ಕೀಳಿಸದೆ ಬಿಡುತ್ತಿರಲಿಲ್ಲ. ಇವರು ಮನೆಯಲ್ಲಿ ಇರುತ್ತಿದ್ದರು.”

ಅಷ್ಟು ಹೇಳಿ ಅವಳು ತಿರುಗಿ ಹೋಗಿ ಮುದುಕಿಯ ಕೈಯನ್ನು ಎದೆಯ ಮೇಲೆ ಸರಿಯಾಗಿ ಇಟ್ಟಳು.

ಮುಳುಗುಗಾರ ಸತ್ತವರ ಮನೆಯವರ ಬಳಿಗೆ ಒಬ್ಬೊಬ್ಬರಾಗಿ ಹೋದ. ಅವರು ಕೇಳುವ ಮೊದಲೇ ಹೇಳಿದ. ಚಿಲಕ ಹಾಕಿತ್ತು ಎಂದ. ಕಳೆದ ವರ್ಷವೂ ಹಾಕಿತ್ತು, ನಾನು ಹೇಳಲಿಲ್ಲ ಎಂದ. ಮುದುಕಿಯ ಮಗ ಅವನ ಬಾಯಿಗೆ ಗುದ್ದಿದ. ಅವನು ಮುಖ ಒರೆಸಿಕೊಳ್ಳದೆ ಪಕ್ಕದವರ ಬಳಿಗೆ ಹೋದ. ಅಧಿಕಾರಿಗೂ ಅದನ್ನೇ ಹೇಳಿದ. ಅಂಬಿಗ ಮತ್ತೆ ಲಾಂಚು ಮುಟ್ಟಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಅವನು ಸರೋವರಕ್ಕೆ ಇಳಿದು ಹೋದ. ಅವನನ್ನು ತರಲು ಯಾರನ್ನೂ ಕರೆಸಲಿಲ್ಲ.

ಆ ನೀರಿನಲ್ಲಿ ಓಡುತ್ತಿದ್ದ ಬೇರೆ ಊರುಗಳ ಲಾಂಚುಗಳ ಮುಂದೆ ಆ ತಾಯಿ ಹೋಗಿ ನಿಂತಳು. ಒಂದೊಂದರ ಬಾಗಿಲಿನಿಂದಲೂ ಬಡಗಿಯ ಕೈಯಲ್ಲಿ ಚಿಲಕ ಕೀಳಿಸಿದಳು. ಕೀಳುವವರೆಗೂ ಅಲ್ಲಿಂದ ಕದಲಲಿಲ್ಲ. ಮುಳುಗುಗಾರ ಕಡಲ ತೀರಕ್ಕೆ ಹೋದ. ಆಮೇಲೂ ಅವನು ನೀರಿಗೆ ಇಳಿದ, ಹೆಣಗಳನ್ನು ತಂದ. ಯಾರೂ ಅವನ ತಲೆಯ ಮೇಲೆ ಕೈ ಇಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮರಿದೇವ ಕೇಳಿದ: “ಆದರೆ ಗುರುಗಳೇ, ಅಂದು ಆ ತಾಯಿಯ ಎದುರಿಗೆ ಮಗಳ ಹೆಣವಿತ್ತು. ಅಂಥ ಹೊತ್ತಿನಲ್ಲಿ ಅಂಥ ನಿಜವನ್ನು ಆಕೆ ತಾಳಿಕೊಳ್ಳುತ್ತಿದ್ದಳೇ?”

“ತಾಳಿಕೊಳ್ಳಲು ಸಿದ್ಧಳಾಗಿಯೇ ಆಕೆ ಕೇಳಿದಳು, ಮರಿದೇವ. ತಾಳದೆ ಹೋದವನು ಮುಳುಗುಗಾರ.”